ಕಿಸೆಯಲ್ಲಿಟ್ಟುಕೊಂಡ ನಂಬರು

ಇ-ಸಿಮ್ ತೀರಾ ಹೊಸ ವಿದ್ಯೆ ಎಂದು ಮೊಬೈಲ್ ಕಂಪನಿಗಳ ಜಾಹೀರಾತು ಹೇಳುತ್ತದೆ. ತಂತ್ರ ಹೊಸತು, ನಿಜ. ಆದರೆ ಕಾರ್ಡೇ ಇಲ್ಲದ, ನಂಬರು ಒಳಗೇ ಕೂತಿರುವ ಫೋನನ್ನು ಈ ದೇಶ ಒಮ್ಮೆ ಬಳಸಿ, ಬೇಸತ್ತು, ಕೈಬಿಟ್ಟಾಗಿದೆ. 2003ರ ಮಳೆಗಾಲದಲ್ಲಿ ರಿಲಯನ್ಸ್ ಕಂಪನಿ 501 ರೂಪಾಯಿ ಮುಂಗಡ ಪಡೆದು ಹಂಚಿದ ಸಿಡಿಎಂಎ ಸೆಟ್ಟುಗಳಲ್ಲಿ ಸಿಮ್ ಹಾಕುವ ಜಾಗವೇ ಇರಲಿಲ್ಲ. ನಂಬರನ್ನು ಕಂಪನಿಯವರು ಸೆಟ್ಟಿನೊಳಗೇ ಬರೆದು ಕೊಡುತ್ತಿದ್ದರು. ಸೆಟ್ಟು ಕೆಟ್ಟರೆ ನಂಬರಿಗಾಗಿ ಅವರ ಬಾಗಿಲಿಗೇ ಹೋಗಬೇಕು. ಮನೆ ಹತ್ತಿರ ಬೇರೆ ಕಂಪನಿಯ ಟವರ್ ಎದ್ದಿತೆಂದರೆ ಆ ಸೆಟ್ಟು ಆಟಿಕೆಗೆ ಸಮ. ಇನ್ನೊಂದನ್ನು ದುಡ್ಡು ಕೊಟ್ಟು ತರಬೇಕು. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದಂಥ ಸೀಮೆಯಲ್ಲಿ ಬಿಚ್ಚಿ ಹಾಕಬಹುದಾದ ಸಿಮ್ ಕಾರ್ಡ್ ಯಾಕೆ ಅಷ್ಟು ಬೇಗ ಒಗ್ಗಿಹೋಯಿತು, ಈಗ ಅದು ಮರೆಯಾಗುವ ಹೊತ್ತಿಗೆ ಜನ ಯಾಕೆ ತಡವರಿಸುತ್ತಾರೆ ಎಂಬುದು ಅರ್ಥವಾಗಬೇಕಾದರೆ ಇಲ್ಲಿನ ಫೋನಿನ ಹಳೆಯ ಕಥೆಗೆ ಹೋಗಬೇಕು.

ಮೊದಲು ನೆಲದ ಮಾತು. ಪಶ್ಚಿಮ ಘಟ್ಟ ಕುಮಾರಪರ್ವತದಲ್ಲಿ 1,712 ಮೀಟರ್ ಎತ್ತರಕ್ಕೆ ಏರಿ, ಅಲ್ಲಿಂದ ಪಡುವಣಕ್ಕೆ ಗುಡ್ಡೆ, ಹೊಳೆ, ಕಣಿವೆಗಳಾಗಿ ಇಳಿಯುತ್ತದೆ. ಮನೆಗಳು ಒತ್ತಾಗಿಲ್ಲ. ಒಂದೊಂದು ಅಡಿಕೆ ತೋಟದ ತಲೆಯಲ್ಲಿ ಒಂದೊಂದು ಮನೆ. ನೆರೆಮನೆಗೆ ಹೋಗಬೇಕಾದರೆ ಒಂದು ಏರು, ಒಂದು ಸಂಕ. ತಂತಿ ಎಳೆಯುವವನಿಗೂ ಟವರ್ ನೆಡುವವನಿಗೂ ಇದು ಲಾಭದ ಊರಲ್ಲ.

ಟ್ರಂಕ್ ಕಾಲ್ ಕಾಲದಲ್ಲಿ ಬೊಂಬಾಯಿಯಲ್ಲಿರುವ ಮಗನೊಡನೆ ಮಾತಾಡುವುದು ಒಂದು ದಿನದ ಕೆಲಸ. ಕರೆ ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ. ಅವಸರ ಹೆಚ್ಚಿದಷ್ಟೂ ಕಾಸು ಹೆಚ್ಚು. ಆಪರೇಟರ್ ನಡುವೆ ಕೂತು ಕೇಳಿಸಿಕೊಳ್ಳುತ್ತಾನೆ ಎಂಬ ಗುಮಾನಿ ಎಲ್ಲರಿಗೂ ಇತ್ತು, ಆದರೂ ದೊಡ್ಡ ದನಿಯಲ್ಲೇ ಮಾತಾಡಬೇಕು. ಮನೆಗೇ ಫೋನ್ ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಸರದಿಯಲ್ಲಿ ನಿಲ್ಲಬೇಕು. ಮುಂಗಡ ಹಣ ಕಟ್ಟಿದವರಿಗೆ ಬೇಗ ಕೊಡುವ ‘ಓನ್ ಯುವರ್ ಟೆಲಿಫೋನ್’ ಯೋಜನೆಯೂ ಇತ್ತು. ಅದರ ಪ್ರಯೋಜನ ಯಾರಿಗೆ ಸಿಕ್ಕಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಬೀಗ ತೆರೆದದ್ದು ಕರ್ನಾಟಕದ್ದೇ ಒಂದು ಸಣ್ಣ ಊರಿನಿಂದ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಮುಂದಾಳ್ತನದಲ್ಲಿ ಹಳ್ಳಿಗೆಂದೇ 128 ಪೋರ್ಟುಗಳ ಒಂದು ಪುಟ್ಟ ಎಕ್ಸ್‌ಚೇಂಜ್ ರೂಪಿಸಿತು. ಆಗಿನ ವಿದೇಶಿ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಾಗಿತ್ತು. ಇದು ನಮ್ಮ ಸೆಕೆ, ಧೂಳು, ಕೈಕೊಡುವ ಕರೆಂಟಿನಲ್ಲೂ ಓಡುತ್ತಿತ್ತು. ಇಂಥ ಮೊದಲ ಎಕ್ಸ್‌ಚೇಂಜ್ ಚಾಲೂ ಆದದ್ದು 1986ರ ಜುಲೈನಲ್ಲಿ, ಕಿತ್ತೂರಿನಲ್ಲಿ. ಆಮೇಲಿನ ವರ್ಷಗಳಲ್ಲಿ ದೇಶದ ಹಳ್ಳಿಹಳ್ಳಿಗೆ ಅದೇ ಮಾದರಿ ನಡೆಯಿತು. ಪುತ್ತೂರಿಗೆ 08251, ಸುಳ್ಯಕ್ಕೆ 08257 ಎಂಬ ಎಸ್‌ಟಿಡಿ ಕೋಡುಗಳು ಲಗ್ನಪತ್ರಿಕೆಯ ಕೊನೆಯ ಸಾಲಿನಲ್ಲಿ, ಅಂಗಡಿಯ ಬಿಲ್ಲಿನ ತಲೆಯಲ್ಲಿ ಕಾಣಿಸಿಕೊಂಡವು. 2000ದ ದಶಕದ ಆರಂಭದಲ್ಲಿ ಐದಂಕಿಯ ನಂಬರುಗಳ ಮುಂದೆ ಒಂದು 2 ಸೇರಿ ಆರಂಕಿಯಾಯಿತು. ಕಂದಾಯ ಇಲಾಖೆಯ ಗಡಿ ಬದಲಾದಾಗಲೂ ಟೆಲಿಫೋನ್ ಇಲಾಖೆಯ ಗಡಿ ಕದಲಲಿಲ್ಲ ಎಂಬುದಕ್ಕೆ ಇಲ್ಲೇ ಸಾಕ್ಷಿಯುಂಟು. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಕಡಬ ತಾಲೂಕು ಮಾಡಿದ ಮೇಲೆ ಕುಕ್ಕೆ ಸುಬ್ರಹ್ಮಣ್ಯ ಕಡಬಕ್ಕೆ ಸೇರಿತು. ದೇವಸ್ಥಾನದ ಲ್ಯಾಂಡ್‌ಲೈನ್ ಮಾತ್ರ ಸುಳ್ಯದ 08257ರಲ್ಲೇ ಉಳಿದಿದೆ.

ಮನೆಗೆ ತಂತಿ ಬಾರದವರಿಗೆ ಪೇಟೆಯ ಎಸ್‌ಟಿಡಿ ಬೂತು. ಹಳದಿ ಫಲಕ, ಗಾಜಿನ ಗೂಡು, ಕೆಂಪು ಅಂಕಿಗಳು ಓಡುವ ಮೀಟರ್. ರಾತ್ರಿ ಹನ್ನೊಂದರ ಬಳಿಕ ಕಾಲು ದರ ಎಂಬ ಕಾರಣಕ್ಕೆ ಬೂತಿನವರು ಬೇಗ ಬಾಗಿಲು ಹಾಕುತ್ತಿರಲಿಲ್ಲ. ಕೊಲ್ಲಿ ರಾಷ್ಟ್ರಗಳಿಗೆ ಹೋದವರ ಮನೆಯವರು ಐಎಸ್‌ಡಿ ಕರೆಗೆ ಮೊದಲೇ ಚೀಟಿಯಲ್ಲಿ ಬರೆದುಕೊಂಡು ಬಂದು, ಮೀಟರಿನ ಮೇಲೆ ಕಣ್ಣಿಟ್ಟು ಓದುವ ಹಾಗೆ ಮಾತಾಡುತ್ತಿದ್ದರು. ಅಡಿಕೆ ಬೆಳೆಗಾರರಿಗೆ ಫೋನಿನ ಉಪಯೋಗ ಬೇರೆಯೇ ಇತ್ತು: ಚಾಲಿಗೆ ಇವತ್ತು ಏನು ಧಾರಣೆ, ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋದವರು ಎಷ್ಟಕ್ಕೆ ತೆಗೆಯುತ್ತಾರೆ, ವ್ಯಾಪಾರಿ ಎಷ್ಟು ಹೇಳುತ್ತಾನೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಬೆಳೆಗಾರನಿಗೆ ಚೌಕಾಸಿಯ ಬಲ ಕೊಟ್ಟರೆ, ಆ ಬಲ ಅದೇ ದಿನ ತೋಟದ ಮನೆಗೆ ತಲುಪಿದ್ದು ಫೋನಿನಿಂದ.

ಮಳೆಗಾಲ ಬಂತೆಂದರೆ ಇದೆಲ್ಲ ಅರ್ಧ. ಮರ ಬಿದ್ದು ತಂತಿ ಹರಿಯುತ್ತದೆ, ಜಾಯಿಂಟಿಗೆ ನೀರಿಳಿದು ಕರಕರ ಸದ್ದು. ಆಗ ಊರಿನಲ್ಲಿ ತಹಶೀಲ್ದಾರರಿಗಿಂತ ಲೈನ್‌ಮ್ಯಾನಿಗೆ ಮರ್ಯಾದೆ ಹೆಚ್ಚು.

ಇನ್ನು ಸಿಮ್. 1991ರಲ್ಲಿ ಜರ್ಮನಿಯ ಗೀಸೆಕೆ ಆ್ಯಂಡ್ ಡೆವ್ರಿಯೆಂಟ್ ಕಂಪನಿ ಫಿನ್‌ಲ್ಯಾಂಡಿನ ರೇಡಿಯೋಲಿಂಜಾಗೆ 300 ಸಿಮ್ ಕಾರ್ಡ್ ಮಾಡಿಕೊಟ್ಟಿತು. ಲೋಕದ ಮೊದಲ ಸಿಮ್‌ಗಳು ಅವು. ಆಗ ಸಿಮ್ ಎಂದರೆ ಇಡೀ ಎಟಿಎಂ ಕಾರ್ಡಿನಷ್ಟು ದೊಡ್ಡದು. ಅದರೊಳಗಿನ ಚಿಪ್ಪಿನಲ್ಲಿ ಗ್ರಾಹಕನ ಗುರುತಿನ ಸಂಖ್ಯೆಯೂ ಹೊರಗೆ ಯಾರಿಗೂ ಓದಲಾಗದ ಒಂದು ರಹಸ್ಯ ಕೀಲಿಯೂ ಇರುತ್ತವೆ. ಟವರ್ ಒಂದು ಸವಾಲು ಕಳುಹಿಸುತ್ತದೆ, ಚಿಪ್ಪು ಕೀಲಿ ಬಳಸಿ ಉತ್ತರಿಸುತ್ತದೆ. ಉತ್ತರ ತಾಳೆಯಾದರೆ ಕರೆ ಹೋಗುತ್ತದೆ. ಈ ಏರ್ಪಾಟಿನಿಂದ ಒಂದು ದೊಡ್ಡ ಅನುಕೂಲವಾಯಿತು. ಫೋನೇ ಬೇರೆ, ನಂಬರೇ ಬೇರೆ ಆದವು. ನಂಬರನ್ನು ಬಿಚ್ಚಿ ಕಿಸೆಯಲ್ಲಿಟ್ಟುಕೊಂಡು ಹೋಗಿ ಯಾರ ಫೋನಿಗಾದರೂ ಹಾಕಬಹುದು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದ ಕರೆ ದೇಶದ ಮೊದಲ ಮೊಬೈಲ್ ಕರೆ. ಆದರೆ ಸುಳ್ಯದ ತೋಟಗಳಿಗೆ ಆ ಇಸವಿಯಿಂದ ಏನೂ ಆಗಲಿಲ್ಲ. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಇಲ್ಲಿಗೆ ಮುಖ್ಯವಾದ ದಿನ 2002ರ ಅಕ್ಟೋಬರ್ 19: ಅಂದು ಪ್ರಧಾನಿ ವಾಜಪೇಯಿ ಲಖನೌದಲ್ಲಿ ಬಿಎಸ್‌ಎನ್‌ಎಲ್‌ನ ಸೆಲ್‌ವನ್ ಸೇವೆ ಉದ್ಘಾಟಿಸಿದರು. ಮರುವರ್ಷ ಒಳಬರುವ ಕರೆ ಉಚಿತವಾಯಿತು. ಕರ್ನಾಟಕದ ಬಿಎಸ್‌ಎನ್‌ಎಲ್‌ನ ಮೊದಮೊದಲ ನಂಬರುಗಳು 9448ರಿಂದ ಶುರು; ಇವತ್ತಿಗೂ ಈ ಭಾಗದಲ್ಲಿ ಯಾರಾದರೂ ತಮ್ಮ ನಂಬರನ್ನು ‘ನೈನ್ ಫೋರ್ ಫೋರ್ ಎಯ್ಟ್’ ಎಂದು ಶುರುಮಾಡಿದರೆ ಹಳೆಯ ಕುಳ ಎಂದು ತಿಳಿಯಬೇಕು. ಖಾಸಗಿ ಕಂಪನಿಗಳು ಹೆದ್ದಾರಿಯ ಬದಿಯಲ್ಲಿ, ಪೇಟೆಯಲ್ಲಿ ಟವರ್ ಹಾಕಿದವು. ಗುತ್ತಿಗಾರು, ಕೊಲ್ಲಮೊಗ್ರು, ಮರ್ಕಂಜದಂಥ ಒಳನಾಡಿಗೆ ಬಹುಕಾಲ ಬಿಎಸ್‌ಎನ್‌ಎಲ್ಲೇ ದಿಕ್ಕು.

ಟವರ್ ಬಂತು ಎಂದರೆ ರೇಂಜ್ ಬಂತು ಎಂದಲ್ಲ. ಬಯಲಿನಲ್ಲಿ ಒಂದು ಜಿಎಸ್‌ಎಂ ಟವರ್ 35 ಕಿಲೋಮೀಟರ್‌ವರೆಗೆ ಮುಟ್ಟಬಲ್ಲದು. ಇಲ್ಲಿ ನಡುವೆ ಒಂದು ಗುಡ್ಡೆ ಅಡ್ಡಬಂದರೆ ಎರಡು ಕಿಲೋಮೀಟರ್ ಆಚೆಗೇ ಕತ್ತಲೆ. ಹಾಗಾಗಿ ಒಂದೊಂದು ಮನೆಗೂ ಒಂದೊಂದು ‘ರೇಂಜ್ ಸಿಗುವ ಜಾಗ’ ಇರುತ್ತದೆ: ಹಟ್ಟಿಯ ಮೂಲೆ, ಉಪ್ಪರಿಗೆಯ ಕಿಟಕಿ, ಗುಡ್ಡೆಯ ಮೇಲಿನ ಮುರಕಲ್ಲು. ಕಿಟಕಿಯ ಸರಳಿಗೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ತೂಗುಹಾಕಿದ ನೋಕಿಯಾ ಫೋನು ರಿಂಗಾದಾಗ ಅಲ್ಲಿಗೇ ಓಡಿ, ಕದಲದೆ ನಿಂತು ಮಾತಾಡಬೇಕು. ಮೊಬೈಲ್ ಎಂಬ ವಸ್ತು ಇಲ್ಲಿ ಸ್ಥಿರಾಸ್ತಿಯಾಗಿತ್ತು.

ಈ ಪರದಾಟಕ್ಕೆ ಜನ ಕಂಡುಕೊಂಡ ಮದ್ದೇ ಎರಡು ಸಿಮ್. ಡ್ಯುಯಲ್ ಸಿಮ್ ಸೆಟ್ಟುಗಳು ಅಗ್ಗವಾದದ್ದೇ ತಡ, ಒಂದರಲ್ಲಿ ಮನೆಗೆ ಬಿಎಸ್‌ಎನ್‌ಎಲ್, ಇನ್ನೊಂದರಲ್ಲಿ ಪೇಟೆಗೆ ಬೇರೆ ಕಂಪನಿ. ನಗರದವರು ಎರಡು ಸಿಮ್ ಇಟ್ಟುಕೊಂಡದ್ದು ಆಫರಿಗಾಗಿ. ಇಲ್ಲಿಯವರು ಇಟ್ಟುಕೊಂಡದ್ದು ಗುಡ್ಡೆಗಾಗಿ. ಕೇರಳದ ಗಡಿಯಲ್ಲಿ ಇನ್ನೊಂದು ತಕರಾರು. ಪುತ್ತೂರಿನ ಪಾಣಾಜೆ, ಈಶ್ವರಮಂಗಲ, ಸುಳ್ಯದ ಮಂಡೆಕೋಲು ಕಡೆ ಗಡಿಯಾಚೆಯ ಟವರೇ ಬಲವಾಗಿದ್ದರೆ ಫೋನು ಅದನ್ನೇ ಹಿಡಿಯುತ್ತಿತ್ತು. ಟೆಲಿಕಾಂ ವೃತ್ತದ ಗಡಿ ರಾಜ್ಯದ ಗಡಿಯೇ ಆದ್ದರಿಂದ, ತನ್ನದೇ ಅಂಗಳದಲ್ಲಿ ನಿಂತವನಿಗೆ ಆಗ ರೋಮಿಂಗ್ ಶುಲ್ಕ ಬೀಳುತ್ತಿತ್ತು. ಅಂಥವರ ಮನೆಯಲ್ಲಿ ಕೇರಳದ ಸಿಮ್ ಒಂದು ಇದ್ದರೆ ಆಶ್ಚರ್ಯವಿಲ್ಲ. ಬೇಕಾದಾಗ ಹಾಕು, ಬೇಡವಾದಾಗ ತೆಗೆ.

ತೆಗೆದು ಹಾಕುವ ಈ ಸುಖದ ಸುತ್ತ ಒಂದು ಕಸುಬೇ ಬೆಳೆಯಿತು. 2010ರಲ್ಲಿ ಐಫೋನ್ 4 ಮೈಕ್ರೋ ಸಿಮ್ ಕೇಳಿತು, 2012ರಲ್ಲಿ ಐಫೋನ್ 5 ನ್ಯಾನೋ ಕೇಳಿತು. 25 ಮಿಲಿಮೀಟರ್ ಉದ್ದದ ಕಾರ್ಡು 15ಕ್ಕೆ, ಆಮೇಲೆ 12.3ಕ್ಕೆ ಇಳಿಯಿತು. ಕಂಪನಿಯ ಹೊಸ ಕಾರ್ಡಿಗೆ ಕಾಯುವ ತಾಳ್ಮೆ ಯಾರಿಗಿತ್ತು? ಪುತ್ತೂರು ಬಸ್ ಸ್ಟ್ಯಾಂಡಿನ ಸುತ್ತಲಿನ ಅಂಗಡಿಗಳಲ್ಲಿ ಸಿಮ್ ಕಟ್ಟರ್ ಬಂತು. ಹುಡುಗ ಒಮ್ಮೆ ಒತ್ತಿದರೆ ‘ಟಕ್’ ಎಂದು ಹಳೆ ಸಿಮ್ ಹೊಸ ಅಳತೆಗೆ. ಕೈ ತಪ್ಪಿ ಚಿಪ್ಪಿಗೇ ಕತ್ತರಿ ಬಿದ್ದದ್ದೂ ಉಂಟು. ಪಡಿತರ ಚೀಟಿಯ ಜೆರಾಕ್ಸ್, ಎರಡು ಫೋಟೋ, ಗೀಚಿ ಉಜ್ಜುವ ರೀಚಾರ್ಜ್ ಕಾರ್ಡ್, 2011ರ ಜನವರಿ 20ರಿಂದ ದೇಶದಾದ್ಯಂತ ಬಂದ ನಂಬರ್ ಪೋರ್ಟಿಂಗ್, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಾಗ ಬೆರಳೊತ್ತಿ ಸಿಮ್ ಪಡೆಯಲು ನಿಂತ ಸಾಲು, ಎಲ್ಲಕ್ಕೂ ಅದೇ ಕೌಂಟರ್. ಟ್ರಂಕ್ ಕಾಲಿನ ಆಪರೇಟರ್, ಬೂತಿನವರು, ಲೈನ್‌ಮ್ಯಾನ್, ಆಮೇಲೆ ಈ ಮೊಬೈಲ್ ಅಂಗಡಿಯ ಹುಡುಗ: ನಂಬರಿಗೂ ಜನರಿಗೂ ನಡುವೆ ಇಲ್ಲಿ ಯಾವಾಗಲೂ ಒಬ್ಬ ಮನುಷ್ಯನಿದ್ದ.

ಇ-ಸಿಮ್ ಹೊರಟದ್ದು ಅವನನ್ನು ಬಿಟ್ಟುಬಿಡಲಿಕ್ಕೆ.

ಮೊಬೈಲ್ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಜಿಎಸ್‌ಎಂಎ 2016ರಲ್ಲಿ ಇದರ ಗ್ರಾಹಕ ಮಾನದಂಡ ಪ್ರಕಟಿಸಿತು. 2017ರಲ್ಲಿ ಗೂಗಲ್ ಪಿಕ್ಸೆಲ್ 2, ಮರುವರ್ಷ ಐಫೋನ್ ಎಕ್ಸ್ಎಸ್ ಇ-ಸಿಮ್ ಹೊತ್ತು ಬಂದವು. ಭಾರತದಲ್ಲಿ 2018ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಅನುಮತಿಯ ನಿಯಮ ಹೊರಡಿಸಿತು. ಅದೇ ತಿಂಗಳು ಏರ್‌ಟೆಲ್, ಜಿಯೋ ಆ್ಯಪಲ್ ವಾಚಿಗೆ ಸೇವೆ ಕೊಟ್ಟವು. ಚಿಪ್ಪು ಮಾಯವಾಗಿಲ್ಲ, ಫೋನಿನ ಹಲಗೆಗೇ ಬೆಸುಗೆಯಾಗಿ ಕೂತಿದೆ. ಅದಕ್ಕೆ 32 ಅಂಕಿಗಳ ಇಐಡಿ ಎಂಬ ಗುರುತು. ಕಂಪನಿಯ ಸರ್ವರಿನಿಂದ ‘ಪ್ರೊಫೈಲ್’ ಇಳಿಸಿಕೊಂಡರೆ ಆ ಚಿಪ್ಪು ನಿಮ್ಮ ನಂಬರಿನ ಸಿಮ್ ಆಗುತ್ತದೆ. ಇಮೇಲಿಗೆ ಬರುವ ಕ್ಯೂಆರ್ ಕೋಡಿನಲ್ಲಿ ನಂಬರೂ ಇಲ್ಲ, ಕೀಲಿಯೂ ಇಲ್ಲ. ಯಾವ ಸರ್ವರಿಗೆ ಹೋಗಿ ಯಾವ ಪ್ರೊಫೈಲ್ ಕೇಳಬೇಕೆಂಬ ವಿಳಾಸವಷ್ಟೆ.

ಕಷ್ಟವೆಲ್ಲ ಆ ವಿಳಾಸದಲ್ಲಿದೆ. ಪ್ರೊಫೈಲ್ ಇಳಿಸಲು ಇಂಟರ್ನೆಟ್ ಬೇಕು. ನೆಟ್‌ವರ್ಕ್ ಪಡೆಯಲು ಮೊದಲೇ ನೆಟ್‌ವರ್ಕ್ ಇರಬೇಕು! ಪುತ್ತೂರಿನ ದರ್ಬೆಯಲ್ಲಿ ವೈಫೈ ಇರುವ ಮನೆಯಲ್ಲಿ ಇದು ಐದು ನಿಮಿಷದ ಕೆಲಸ. 2021ರ ಜೂನಿನಲ್ಲಿ ಗುತ್ತಿಗಾರು ಸಮೀಪದ ಬಳ್ಳಕದಲ್ಲಿ, ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತು ಎಸ್‌ಎಸ್‌ಎಲ್‌ಸಿ ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತ್ತು. ಆ ರಸ್ತೆ ಬದಿಯಲ್ಲಿ ಇ-ಸಿಮ್ ಇಳಿಸಿಕೊಳ್ಳಿ ಎಂದರೆ ಹೇಗೆ? ಮರುವರ್ಷ ಕೇಂದ್ರ ಸಂಪುಟ 4ಜಿ ತಲುಪದ 24,680 ಹಳ್ಳಿಗಳಿಗೆ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಇಂಥ ಮೂಲೆಗಳು ದೇಶದಲ್ಲಿ ಎಷ್ಟಿದ್ದವು ಎಂಬುದನ್ನು ಸರಕಾರವೇ ಲೆಕ್ಕ ಹಾಕಿ ಹೇಳಿದ ಹಾಗಾಯಿತು.

ಇನ್ನುಳಿದ ಅಡ್ಡಿಗಳು ಚಿಕ್ಕವು, ಆದರೆ ಸಾಲುಗಟ್ಟಿ ಬರುತ್ತವೆ. ಏರ್‌ಟೆಲ್‌ನವರು 121ಕ್ಕೆ ಇಮೇಲ್ ವಿಳಾಸ ಬರೆದು ಎಸ್‌ಎಂಎಸ್ ಮಾಡಬೇಕು; ಜಿಯೋದವರು 199ಕ್ಕೆ ಇಐಡಿ, ಐಎಂಇಐ ಎರಡನ್ನೂ ತಪ್ಪಿಲ್ಲದೆ ಹೊಡೆಯಬೇಕು. “ಅಣ್ಣಾ, ಇಮೇಲ್ ಉಂಟಾ?” ಎಂದು ಅಂಗಡಿಯ ಹುಡುಗ ಕೇಳಿದರೆ ಹಿರಿಯರ ಉತ್ತರ ಸಾಮಾನ್ಯವಾಗಿ “ಮಗ ಮಾಡಿ ಕೊಟ್ಟದ್ದು ಒಂದು ಉಂಟು, ಪಾಸ್‌ವರ್ಡ್ ಅವನ ಹತ್ತಿರ” ಎಂಬ ಧಾಟಿಯದು. ಮಗ ಬೆಂಗಳೂರಿನಲ್ಲಿ. ಕ್ಯೂಆರ್ ಅದೇ ಫೋನಿಗೆ ಬಂದರೆ ಅದನ್ನು ಸ್ಕ್ಯಾನ್ ಮಾಡಲು ಎಷ್ಟೋ ಸಲ ಇನ್ನೊಂದು ಪರದೆ ಬೇಕು. ಒಮ್ಮೆ ಬಳಸಿದ ಕೋಡು ಸಾಮಾನ್ಯವಾಗಿ ಮತ್ತೆ ನಡೆಯದು. ರಿಪೇರಿಗೆ ಕೊಟ್ಟ ಫೋನನ್ನು ಪೂರ್ತಿ ರೀಸೆಟ್ ಮಾಡುವಾಗ ಇ-ಸಿಮ್ ಅಳಿಸಲೇ ಎಂದು ಕೇಳುವ ಪ್ರಶ್ನೆಗೆ ಓದದೆ ಹೌದೆಂದರೆ ನಂಬರಿಗಾಗಿ ಹೊಸದಾಗಿ ಅರ್ಜಿ. ಹಳೆಯ ಸಿಮ್ ಆಗಿದ್ದರೆ ಪರದೆ ಒಡೆದ ದಿನ ಅದನ್ನು ತೆಗೆದು ಪಕ್ಕದ ಮನೆಯವರ ಕೀಪ್ಯಾಡ್ ಸೆಟ್ಟಿಗೆ ಹಾಕಿ ಆಸ್ಪತ್ರೆಗೆ ಕರೆ ಮಾಡಬಹುದಿತ್ತು. ಪರದೆ ಸತ್ತ ಫೋನಿನ ಇ-ಸಿಮ್ ಆ ಫೋನಿನಲ್ಲೇ ಬಂದಿ.

ವಂಚನೆ ತಡೆಯುವ ನಿಯಮಗಳೂ ಇದಕ್ಕೆ ತಮ್ಮ ಪಾಲು ಸೇರಿಸಿದವು. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬಂದ್ ಎಂದು ದೂರಸಂಪರ್ಕ ಇಲಾಖೆ 2022ರಲ್ಲಿ ಹೇಳಿತು. ಅಂದರೆ ಆ ದಿನ ಬ್ಯಾಂಕಿನ ಒಟಿಪಿ ಬಾರದು. ಸಿಮ್ ಬದಲಿಸಿ ಏಳು ದಿನ ಪೋರ್ಟ್ ಮಾಡಬಾರದೆಂಬ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂತು. ನಿಯಮಗಳ ಹಿಂದೆ ಕಾರಣವಿದೆ. ಗ್ರಾಹಕ ಸೇವೆಯವರಂತೆ ಮಾತಾಡಿ, ಇ-ಸಿಮ್ ಕೋರಿಕೆಯ ಲಿಂಕ್ ಒತ್ತಿಸಿ, ನಂಬರನ್ನು ತಮ್ಮ ಫೋನಿಗೆ ಇಳಿಸಿಕೊಳ್ಳುವ ಕಳ್ಳರ ಬಗ್ಗೆ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಕೇಂದ್ರ 2025ರಲ್ಲಿ ಎಚ್ಚರಿಸಿತು. ಫೋನಿನಲ್ಲಿ ದಿಢೀರನೆ ಸಿಗ್ನಲ್ ಹೋಗುವುದೇ ಈ ಕಳವಿನ ಮೊದಲ ಲಕ್ಷಣ. ಸಿಗ್ನಲ್ ಹೋಗುವುದೇ ದಿನಚರಿಯಾಗಿರುವ ಕಲ್ಮಕಾರಿನಲ್ಲಿ ಅದು ಯಾರ ಗಮನಕ್ಕೆ ಬಂದೀತು?

ಬಿಎಸ್‌ಎನ್‌ಎಲ್ ಇ-ಸಿಮ್ ಕೊಡಲು ಏಳು ವರ್ಷ ತಡಮಾಡಿತು. 2025ರ ಆಗಸ್ಟಿನಲ್ಲಿ ತಮಿಳುನಾಡಿನಲ್ಲಿ ಆರಂಭಿಸಿ, ಅಕ್ಟೋಬರಿನಲ್ಲಿ ಟಾಟಾ ಕಮ್ಯುನಿಕೇಷನ್ಸ್ ಜತೆ ದೇಶಕ್ಕೆಲ್ಲ ಎಂದಿತು. ಸ್ವದೇಶಿ 4ಜಿ ಉದ್ಘಾಟನೆಯಾದದ್ದು ಅದರ ಕೆಲವೇ ದಿನ ಮುಂಚೆ, ಸೆಪ್ಟೆಂಬರ್ 27ಕ್ಕೆ. ಒಳನಾಡಿನಲ್ಲಿ ಸಿಗುವ ಕಂಪನಿಗೆ ಇ-ಸಿಮ್ ಇಲ್ಲ, ಇ-ಸಿಮ್ ಇರುವ ಕಂಪನಿ ಒಳನಾಡಿನಲ್ಲಿ ಸಿಗದು ಎಂಬ ಪೇಚು ಅಲ್ಲಿಯವರೆಗೆ ನಡೆದೇ ಇತ್ತು. ಅಗ್ಗದ ಆಂಡ್ರಾಯ್ಡ್ ಸೆಟ್ಟುಗಳಲ್ಲಿ ಹೆಚ್ಚಿನವಕ್ಕೆ ಇ-ಸಿಮ್ ಸೌಲಭ್ಯವೇ ಇಲ್ಲದ್ದರಿಂದ ಬಹುಪಾಲು ಜನಕ್ಕೆ ಇದು ತಟ್ಟಲಿಲ್ಲ ಅಷ್ಟೆ.

ತಟ್ಟಿದ್ದು ಕೊಲ್ಲಿಯಿಂದ ಬರುವವರಿಗೆ. 2022ರಲ್ಲಿ ಅಮೆರಿಕದ ಐಫೋನ್ 14ರಿಂದ ಸಿಮ್ ಟ್ರೇ ಹೋಗಿತ್ತು. ಇಲ್ಲಿನವರಿಗೆ ಅದು ದೂರದ ಸುದ್ದಿ. 2025ರ ಐಫೋನ್ 17 ಮಾತ್ರ ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹರೈನ್‌ಗಳಲ್ಲೂ ಟ್ರೇ ಇಲ್ಲದೆ ಬಂತು. ಭಾರತದಲ್ಲಿ ಮಾರುವ ಅದೇ ಮಾದರಿಗೆ ಟ್ರೇ ಇದೆ. ದುಬೈಯಿಂದ ಅಣ್ಣ ತಂದುಕೊಟ್ಟ ಫೋನಿಗೆ ತಮ್ಮನ 9448ರ ಕಾರ್ಡ್ ಹಾಕಲು ಜಾಗವಿಲ್ಲ. ನಂಬರನ್ನು ಇ-ಸಿಮ್‌ಗೆ ಬದಲಿಸಲು ಬಿಎಸ್‌ಎನ್‌ಎಲ್ ಕಚೇರಿಗೆ ಗುರುತು ಚೀಟಿ ಹಿಡಿದು ಹೋಗಬೇಕು. ಬದಲಿಸಿದರೆ ಮಳೆಗಾಲದಲ್ಲಿ ಹಳೆ ಸೆಟ್ಟಿಗೆ ಹಾಕಿಕೊಳ್ಳುವ ದಾರಿ ಮುಚ್ಚುತ್ತದೆ. ಅಂಥವನಿಗೆ ಎರಡು ಫೋನ್ ಹೊರುವುದೇ ಸುಲಭ: ಒಂದು ಚಿತ್ರ ತೆಗೆಯಲು, ಒಂದು ಮನೆಯಿಂದ ಮಾತಾಡಲು.

ಅಣ್ಣನ ಕಡೆಯ ಲೆಕ್ಕ ಬೇರೆ, ಅಲ್ಲಿ ಇ-ಸಿಮ್‌ಗೇ ಅಂಕ ಹೆಚ್ಚು. ಕೊಲ್ಲಿಯಲ್ಲಿರುವ ಎಷ್ಟೋ ಮಂದಿಯ ಬ್ಯಾಂಕು, ವಾಟ್ಸ್ಆ್ಯಪ್ ಊರಿನ ನಂಬರಿನಲ್ಲೇ ಇವೆ. ಸಿಮ್ ಕಾರ್ಡ್ ಮಾತ್ರ ಊರಿನ ಕಪಾಟಿನಲ್ಲಿ, ಅಥವಾ ಒಟಿಪಿ ಓದಿ ಹೇಳುವ ತಾಯಿಯ ಫೋನಿನಲ್ಲಿ. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಹೊಸ ಆದೇಶ ಹೊರಡಿಸಿತು: ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ಮೆಸೇಜಿಂಗ್ ಆ್ಯಪ್ ನಡೆಯಬೇಕು, ಕಂಪನಿಗಳಿಗೆ 90 ದಿನ ಸಮಯ. ಒಂದು ಐಫೋನಿನಲ್ಲಿ ಎಂಟೋ ಹೆಚ್ಚೋ ಇ-ಸಿಮ್ ಇಟ್ಟು ಎರಡನ್ನು ಒಟ್ಟಿಗೆ ಚಾಲೂ ಇಡಬಹುದು, ಊರಿನದೊಂದು, ದುಬೈಯದೊಂದು. ಹಾಗೆ ಮಾಡಿಕೊಳ್ಳಬೇಕೆಂದರೆ ರಜೆಗೆ ಊರಿಗೆ ಬಂದಾಗ ತಾಯಿಯ ಫೋನಿನಿಂದ ಕಾರ್ಡ್ ತೆಗೆಯಬೇಕು, ಪೇಟೆಗೆ ಹೋಗಬೇಕು, 24 ಗಂಟೆ ಕಾಯಬೇಕು. ಅದಾದ ಮೇಲೆ ತಾಯಿಗೊಂದು ಹೊಸ ನಂಬರು ತೆಗೆಸಿಕೊಡಬೇಕು, ಮನೆಯ ಕಿಟಕಿಯಲ್ಲಿ ಯಾವ ಕಂಪನಿಯ ರೇಂಜ್ ಸಿಗುತ್ತದೆಂದು ಮೊದಲು ನೋಡಿಕೊಂಡು.